ಅಧಿಕಾರಿಯ ಒಂದು ಪರಿಚ್ಛೇದ



ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು 1121ರ ಸುಮಾರಿಗೆ ಕಟ್ಟಿಸಿದ ಕೇತಮಲ್ಲನ ಹೆಸರು ಶಾಸನದಲ್ಲಿದೆ. ಬೇಲೂರಿನ ವಿಗ್ರಹಗಳಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ರಾಜಧಾನಿ ಹಾಳಾಯಿತು, ಹೆಸರುಗಳು ಉಳಿದವು. ಇಂಥ ನೆಲದಲ್ಲಿ ಕುಳಿತು ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯ ಕಡೆಯ ಪುಟವನ್ನು ಓದಿದರೆ ಮನಸ್ಸು ಕದಡುತ್ತದೆ. ನೈಜೀರಿಯದ ಇಗ್ಬೊ ಜನಾಂಗದ ವೀರ ಒಕೊಂಕ್ವೊ ನೇಣು ಹಾಕಿಕೊಂಡಿದ್ದಾನೆ. ಬ್ರಿಟಿಷ್ ಅಧಿಕಾರಿಯೋ, ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪರಿಚ್ಛೇದ ಸಾಕೆಂದು ಲೆಕ್ಕ ಹಾಕುತ್ತಾನೆ! ಇಡೀ ಕಾದಂಬರಿ ಆ ಪರಿಚ್ಛೇದಕ್ಕೆ ಕೊಟ್ಟ ಉತ್ತರವಾಗಿದೆ.

ಕ್ರೈಸ್ತರಾದ ನಾವು ಇದನ್ನು ನಮ್ಮ ವಿರುದ್ಧದ ಕೃತಿಯೆಂದು ಬದಿಗಿಡಬೇಕಾಗಿಲ್ಲ. ಅವಳಿ ಶಿಶುಗಳನ್ನು ಕಾಡಿನಲ್ಲಿ ಬಿಟ್ಟುಬರುತ್ತಿದ್ದ ಕ್ರೌರ್ಯವನ್ನು ಅಚಿಬೆಯವರು ಮುಚ್ಚಿಡುವುದಿಲ್ಲ. ಅಣ್ಣನಂತಿದ್ದ ಇಕೆಮೆಫುನನ ಕೊಲೆಯಿಂದ ನೊಂದ ನ್ವೋಯೆಗೆ ಮಿಷನರಿಗಳ ಗೀತೆ ಸಾಂತ್ವನ ನೀಡುತ್ತದೆ. ಊರು ಹೊರಗಿಟ್ಟವರಿಗೆ ಪ್ರಾರ್ಥನಾಲಯದಲ್ಲಿ ಸ್ಥಾನ ದೊರೆಯುತ್ತದೆ. (ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಇದು ಅಪರಿಚಿತ ಕಥೆಯಲ್ಲ.) ಆದರೆ ಅದೇ ದಾರಿಯಲ್ಲಿ ನ್ಯಾಯಾಲಯವೂ ಸೆರೆಮನೆಯೂ ಬರುತ್ತವೆ. ಊರವರ ಮಾತಿಗೆ ಕಿವಿಗೊಡುತ್ತಿದ್ದ ಬ್ರೌನ್ ಹೋಗಿ, ರಾಜಿಯರಿಯದ ಸ್ಮಿತ್ ಬಂದಾಗ ಬೆಂಕಿ ಹೊತ್ತಿಕೊಳ್ಳುತ್ತದೆ. ಎಕ್ವೆಫಿಯನ್ನು ಬಿಟ್ಟರೆ ಸ್ತ್ರೀಪಾತ್ರಗಳಿಗೆ ಹೆಚ್ಚು ಮಾತು ದೊರೆತಿಲ್ಲವೆಂಬುದು ನನ್ನ ಆಕ್ಷೇಪ.

ಈ ಕಾದಂಬರಿಯನ್ನು ನೀನಾಸಂ 1980ರ ದಶಕದಲ್ಲಿ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವಾಗಿಸಿ, ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿ ಜನರಿಂದ ಆಡಿಸಿತು. ಇವರಿಗಿಂತ ಯುಕ್ತ ಪಾತ್ರಧಾರಿಗಳು ಎಲ್ಲಿ ಸಿಕ್ಕಾರು? ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದರು; ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳಗಳ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮದೇ ಕಥೋಲಿಕ ಕುಟುಂಬಗಳೂ ಇವೆ. ದೀಕ್ಷಾಸ್ನಾನದಲ್ಲಿ ಪೋರ್ಚುಗೀಸ್ ಹೆಸರು ಬಂತು. ಆಫ್ರಿಕದ ತಾಯಿ ಕರೆದ ಹೆಸರು ಅಳಿಯಿತು. ಅವರಲ್ಲೊಬ್ಬ ದಾಸೋಜನಿದ್ದನೇ ಎಂದು ಹೇಳುವ ಕಲ್ಲು ಎಲ್ಲಿದೆ?

ಕ್ರೈಸ್ತೇತರರನ್ನು ದಾಸ್ಯಕ್ಕೆ ಒಳಪಡಿಸಲು ಪೋರ್ಚುಗಲ್ಲಿನ ದೊರೆಗೆ 1452ರಲ್ಲಿ ಅನುಮತಿ ಕೊಟ್ಟವರು ಪೋಪ್ ಐದನೇ ನಿಕೋಲಾಸರು. ಎರಡನೇ ಜಾನ್ ಪೌಲರು 1992ರಲ್ಲಿ ಸೆನೆಗಲ್ಲಿನ ಗೋರೆ ದ್ವೀಪದಲ್ಲಿ ನಿಂತು ಗುಲಾಮ ವ್ಯಾಪಾರಕ್ಕಾಗಿ ಕ್ಷಮೆ ಬೇಡಿದರು. ಆದರೂ ನಮ್ಮ ಪತ್ರಿಕೆಗಳಲ್ಲಿ ಸಿದ್ದಿಗಳಿಗೆ ಬಹುಮಟ್ಟಿಗೆ ಸಿಗುವುದು ಡಮಾಮಿ ಕುಣಿತದ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು. 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆಯ ಹಿಂದಿನ ಹೋರಾಟ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಚಿಬೆಯವರ ಕಾದಂಬರಿ ಕನ್ನಡಕ್ಕೂ ಅನುವಾದಗೊಂಡಿದೆ. ಧರ್ಮಕೇಂದ್ರದ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸಿರಿ. ಮೊದಲು ಹಿರಿಯರೇ ಓದಿರಿ.