ಒಲೆಯ ಮುಂದೆ ಕಳೆದ ವರ್ಷಗಳಿಗೂ ಅಂಕ ಕೊಡಿ

ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಗೆ 2024ರಲ್ಲಿ ಅಮೆರಿಕ ಎರಡು ಹೊಸ ಔಷಧಗಳನ್ನು ಒಪ್ಪಿಕೊಂಡಿತು: ಡುಪಿಲುಮ್ಯಾಬ್ ಚುಚ್ಚುಮದ್ದು ಮತ್ತು ಉಸಿರಿನೊಂದಿಗೆ ಎಳೆದುಕೊಳ್ಳುವ ಎನ್ಸಿಫೆಂಟ್ರಿನ್. ದೊಡ್ಡ ಹೆಜ್ಜೆಗಳೇ ಸರಿ. ಆದರೆ ಶಹಾಪುರ, ಸುರಪುರ, ಯಾದಗಿರಿಯ ಹಳ್ಳಿಗಳಲ್ಲಿ ದಮ್ಮಿನಿಂದ ನರಳುವವರಿಗೆ ಇವೆರಡಕ್ಕಿಂತ ಹತ್ತಿರವಿರುವುದು ಆಶಾ ಕಾರ್ಯಕರ್ತೆಯ ಕೈಲಿರುವ, ಕಾಯಿಲೆಗಳ ಅಪಾಯ ಗುರುತಿಸುವ ಸಿಬಿಎಸಿ ಫಾರಂ. 30 ದಾಟಿದ ಎಲ್ಲರಿಗೂ ಅದನ್ನು ತುಂಬಬೇಕು. ಅಡುಗೆಗೆ ಏನು ಉರಿಸುತ್ತೀರಿ, ಹೊಗೆ ದೂಳಿನ ಕೆಲಸವೇ ಎಂದು ಅದು ಕೇಳುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳಿನ ಉರಿಯಲ್ಲಿ ಜೋಳದ ರೊಟ್ಟಿ ಬೇಯಿಸುವ ಈ ಸಗರನಾಡಿಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ.

ನನ್ನ ತಕರಾರು ಈ ಫಾರಂ ಕೊಡುವ ಅಂಕಗಳ ಬಗ್ಗೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವ್ಯಾಯಾಮ, ಮನೆತನದ ಕಾಯಿಲೆಗಳಿಗೆ ಅಂಕವುಂಟು. ನಾಲ್ಕು ದಾಟಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಒಲೆಯ ಹೊಗೆಗೆ ಮಾತ್ರ ಅಂಕವೇ ಇಲ್ಲ. ಬೀಡಿ ಮುಟ್ಟದ, ಹೊಲದಲ್ಲಿ ದುಡಿದು ಸಣ್ಣಗಾದ 45ರ ಹೆಣ್ಣುಮಗಳು ನಾಲ್ಕನ್ನು ಮುಟ್ಟುವುದೇ ಇಲ್ಲ. ಉಸಿರಾಟದ ತೊಂದರೆ ಇದೆ ಎಂದರೆ ಆಸ್ಪತ್ರೆಗೆ ಕಳಿಸಬೇಕೆಂಬ ನಿಯಮವೇನೋ ಇದೆ. ಆದರೆ 'ವಯಸ್ಸಾತು, ದಮ್ಮು ಬರೋದ' ಎಂದು ಸುಮ್ಮನಾದವಳು ಅದನ್ನೊಂದು ತೊಂದರೆಯೆಂದು ಹೇಳುವುದೆಲ್ಲಿ?

ಒಲೆಯ ಹೊಗೆಗೆ ಅಂಕ ಕೊಡಲು ಬೇಕಾದ ಲೆಕ್ಕ ಕರ್ನಾಟಕದಲ್ಲೇ ಸಿದ್ಧವಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಹಳ್ಳಿಯ ಹೆಣ್ಣುಮಕ್ಕಳ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ ಎಂಬುದನ್ನು ಗುಣಿಸಿ, ಫಲ 60 ಮುಟ್ಟಿದರೆ ಸಿಒಪಿಡಿಗೆ ನಂಟಿರುವ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯವೆಂದು ಅವರು ಗೆರೆ ಎಳೆದರು. ದಿನಕ್ಕೆ 3 ಗಂಟೆಯಂತೆ 20 ವರ್ಷ. ಹದಿನೆಂಟಕ್ಕೆ ಒಲೆ ಹಿಡಿದ ಸೊಸೆ ನಲವತ್ತು ತುಂಬುವ ಮೊದಲೇ ಅಲ್ಲಿ ನಿಂತಿರುತ್ತಾಳೆ. ಮನೆಗೆ ಉಜ್ವಲಾ ಸಿಲಿಂಡರ್ ಬಂದಿದ್ದರೂ ಹಿಂದಿನ ಹೊಗೆ ಅಳಿಯುವುದಿಲ್ಲ. ಈ ಗುಣಾಕಾರ ಅದನ್ನೂ ಹಿಡಿಯುತ್ತದೆ. ಯಂತ್ರ ಬೇಡ, ಖರ್ಚಿಲ್ಲ. ನನ್ನ ಮಟ್ಟಿಗೆ ಎನ್ಸಿಫೆಂಟ್ರಿನ್‌ಗಿಂತ ಇದೇ ನಮ್ಮ ನಾಡಿಗೆ ಬೇಕಾದ ಮುನ್ನಡೆ.

ಗುರುತಿಸಿದ ಮೇಲೂ ಕೆಲಸವಿದೆ. ಸ್ಪೈರೋಮೀಟರ್ ಊದಿಸದೆ ಸಿಒಪಿಡಿ ಖಚಿತವಾಗದು. ಪಂಪ್ (ಇನ್‌ಹೇಲರ್) ಹಿಡಿದರೆ ಚಟವಾಗುತ್ತದೆಂಬ ಭಯ ಬಿಡಿಸಿ, ಅದನ್ನು ಎಳೆದುಕೊಳ್ಳುವ ರೀತಿಯನ್ನು ಕೈಹಿಡಿದು ಕಲಿಸಬೇಕು. ಬೀಡಿ ಸೇದುವವರಿಗೆ ಅದನ್ನು ಬಿಡುವುದೇ ಮೊದಲ ಔಷಧ.

ಆರೋಗ್ಯ ಇಲಾಖೆ ಸಿಬಿಎಸಿ ಫಾರಂನಲ್ಲಿ ಒಲೆಯ ಗಂಟೆ, ವರ್ಷಗಳಿಗೆ ಎರಡು ಕಾಲಂ ಸೇರಿಸಲಿ. 60 ಮುಟ್ಟಿದವರನ್ನು, ಅವರು ದಮ್ಮಿಲ್ಲವೆಂದರೂ, ಸ್ಪೈರೋಮೀಟರ್ ಇರುವಲ್ಲಿಗೆ ಕಳಿಸಲಿ.