ಹೊಗೆಯ ಗೆರೆ, ಸ್ನೇರ್‌ನ ಏಟು

ಜಪಾನಿನ ಹಳೆಯ ರೋಬೋ ಕಾರ್ಟೂನುಗಳ ಮಾತು ಬಂದರೆ ನನ್ನ ಮನಸ್ಸು ಓಡುವುದು 1982ರ ‘ಮ್ಯಾಕ್ರಾಸ್’ ಸರಣಿಯ ಕ್ಷಿಪಣಿಗಳತ್ತ. ಶೋಜಿ ಕವಾಮೊರಿ ರೂಪಿಸಿದ ಯುದ್ಧವಿಮಾನ ಕಾಲು ಚಾಚಿ, ತೋಳು ಬಿಚ್ಚಿ ರೋಬೋ ಆಗುವುದು ಸೊಗಸೇ. ಆದರೆ ಅದರ ಬೆನ್ನು ಹತ್ತುವ ಕ್ಷಿಪಣಿಗಳನ್ನು ಕುಣಿಸಿದ ಇಚಿರೊ ಇತಾನೊನ ಕೈಚಳಕವೇ ಬೇರೆ. ಒಂದು ನೇರ ಗುರಿಗೆ ನುಗ್ಗುತ್ತದೆ. ಇನ್ನೊಂದು, ಗುರಿ ಎಲ್ಲಿಗೆ ಹೋಗಲಿದೆಯೆಂದು ಊಹಿಸಿ ಅತ್ತ ತಿರುಗುತ್ತದೆ. ಮತ್ತೊಂದು ದಾರಿ ತಪ್ಪಿದಂತೆ ಸುತ್ತಿ ಬರುತ್ತದೆ. ಹಿಂದೆ ಬಿಳಿ ಹೊಗೆ ಶ್ಯಾವಿಗೆಯಂತೆ ಸುರುಳಿ ಬೀಳುತ್ತದೆ. ಕ್ಯಾಮೆರಾವೂ ಅವುಗಳ ನಡುವೆಯೇ ಹಾರುತ್ತಿದೆ ಅನ್ನಿಸುತ್ತದೆ. ಎಲ್ಲವೂ ಕೈಯಲ್ಲಿ ಬರೆದು ಪಾರದರ್ಶಕ ಹಾಳೆಯ ಮೇಲೆ ಬಣ್ಣ ಹಚ್ಚಿದ್ದು.

ಇಂಥ ದೃಶ್ಯಗಳಿಗೆ ರ್‍ಯಾಪ್ ಬೆಸೆಯುವ ಹವ್ಯಾಸಿಗಳನ್ನೂ ಹೊಗಳಲೇಬೇಕು. ಮೂಲ ಹಾಡಿನವರು ಮುಖ ಸಿಂಡರಿಸಿದರೆ ಸಿಂಡರಿಸಲಿ! ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮು. ರ್‍ಯಾಪ್ ನಿಮಿಷಕ್ಕೆ 90 ಬೀಟಿನದಾದರೆ ಒಂದು ಬೀಟಿಗೆ ಸರಿಯಾಗಿ 16 ಫ್ರೇಮು. ಬಲ್ಲ ಸಂಕಲನಕಾರ ಎರಡನೆಯ, ನಾಲ್ಕನೆಯ ಬೀಟಿಗೆ ಬೀಳುವ ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಸ್ಫೋಟವನ್ನು ಕೂರಿಸುತ್ತಾನೆ. ಪ್ರತಿ ಏಟಿಗೂ ಅಲ್ಲ, ಒಂದೆರಡನ್ನು ಬೇಕೆಂದೇ ಖಾಲಿ ಬಿಡುತ್ತಾನೆ. 2004ರಲ್ಲಿ ಸಂಗೀತ ನಿರ್ಮಾಪಕ ಡೇಂಜರ್ ಮೌಸ್, ರ್‍ಯಾಪರ್ ಜೇ-ಜೀಯ ದನಿಗೆ ಬೀಟಲ್ಸ್ ತುಣುಕುಗಳನ್ನು ಹೊಲಿದ ‘ಗ್ರೇ ಆಲ್ಬಮ್’ನಲ್ಲೂ ಇದೇ ಕಸುಬು, ಚಿತ್ರವಿಲ್ಲ ಅಷ್ಟೇ.

ಇಂದಿನ ನುಣುಪು ಗ್ರಾಫಿಕ್ಸ್ ನನಗೆ ಅಷ್ಟಾಗಿ ರುಚಿಸುವುದಿಲ್ಲ. ‘ಮ್ಯಾಕ್ರಾಸ್’ ಸಿಕ್ಕರೆ ಮೊದಲು ಸದ್ದು ಆರಿಸಿ ಆ ಹೊಗೆಯ ಗೆರೆಗಳನ್ನಷ್ಟೇ ನೋಡಿ. ರ್‍ಯಾಪ್ ಆಮೇಲೆ ಹಾಕಿ.