ಗರುಡಮಂಗಲದ ಚಿಪ್ಪುಗಲ್ಲು

ತಿರುಚ್ಚಿಯ ಈಶಾನ್ಯಕ್ಕೆ, ಅರಿಯಲೂರು ಸೀಮೆಯ ಬಯಲಿನಲ್ಲಿ ಗರುಡಮಂಗಲದ ಹೆಸರು ಹೊತ್ತ ಒಂದು ಸುಣ್ಣಕಲ್ಲು ಇದೆ. ಬೂದುಗಪ್ಪು ಮೈತುಂಬ ಕೆನೆಬಿಳಿಯ ಬಿಲ್ಲುಗಳು, ಸುರುಳಿಗಳು. ಹೊಳಪು ಚೆನ್ನಾಗಿ ಏರುವುದರಿಂದ ವ್ಯಾಪಾರಿಗಳು ಇದನ್ನು ಟ್ರಿಚಿನಾಪಲ್ಲಿ ಮಾರ್ಬಲ್ ಎಂದರು. ಭೂಮಿಯ ಬಿಸಿಗೂ ಒತ್ತಡಕ್ಕೂ ಸಿಕ್ಕಿ ನಿಜವಾಗಿಯೇ ಅಮೃತಶಿಲೆಯಾಗಿದ್ದರೆ ಒಳಗಿನ ಚಿಪ್ಪುಗಳ ಗುರುತೇ ಅಳಿದುಹೋಗುತ್ತಿತ್ತು. ಸದ್ಯ, ಹಾಗಾಗಲಿಲ್ಲ. ಸುಮಾರು 9 ಕೋಟಿ ವರ್ಷದ ಹಿಂದಿನ ಕಡಲತಳ ಹಾಗೆಯೇ ಗಟ್ಟಿಯಾಗಿ ಕೂತಿದೆ.

ನನ್ನ ಮೇಜಿನ ಮೇಲೆ ಇದರದೊಂದು ಪೇಪರ್‌ವೇಟ್ ಇದೆ. ಅದನ್ನು ನೋಡಲು ಕಣ್ಣಿಗೆ ಸ್ವಲ್ಪ ಪಳಗುವಿಕೆ ಬೇಕು. ದಂಡೆಯಲ್ಲಿ ಆಯ್ದ ಚಿಪ್ಪು ಇಡಿಯಾಗಿ ಕೈಗೆ ಬರುತ್ತದೆ. ಕಲ್ಲಿನಲ್ಲಿ ಗರಗಸ ಹಾಯ್ದ ಕಡೆಯ ಗೆರೆಯಷ್ಟೇ ಕಾಣುತ್ತದೆ. ಮರುವಾಯಿಯಂಥ ಜೋಡಿಚಿಪ್ಪಿನ ಜೀವಿ ತೆಳ್ಳನೆಯ ಬಿಲ್ಲಾಗುತ್ತದೆ. ಶಂಖದ ಜಾತಿಯದು ಉದ್ದಕ್ಕೆ ಸೀಳಿದರೆ ನಡುವೆ ಕಂಬ, ಎರಡೂ ಬದಿಗೆ ತುದಿಯತ್ತ ಕಿರಿದಾಗುವ ಪೊಳ್ಳುಗಳು. ಅಡ್ಡಕ್ಕೆ ಸೀಳಿದರೆ ಸುರುಳಿ. ಚಪ್ಪಟೆ ಸುರುಳಿಯೊಳಗೆ ಸಾಲಾಗಿ ಅಡ್ಡಗೋಡೆಗಳಿದ್ದರೆ ಅದು ಅಮ್ಮೊನೈಟ್. ನಮ್ಮ ಎಷ್ಟೋ ಮನೆಗಳ ದೇವರಪೆಟ್ಟಿಗೆಯಲ್ಲಿರುವ ಗಂಡಕಿಯ ಸಾಲಿಗ್ರಾಮದ ಚಕ್ರವೂ ಇದೇ ವಂಶದ್ದು.

ಬಿಳಿ ಗೆರೆ ಕಂಡಲ್ಲೆಲ್ಲ ಚಿಪ್ಪು ಎನ್ನುವ ಹಾಗೂ ಇಲ್ಲ. ಬಿರುಕಿನಲ್ಲಿ ಹರಳುಗಟ್ಟಿದ ಸುಣ್ಣ ದಾರಿಗೆ ಸಿಕ್ಕಿದ್ದನ್ನೆಲ್ಲ ಸೀಳಿಕೊಂಡು ಸಾಗುತ್ತದೆ, ಅದರ ದಪ್ಪಕ್ಕೆ ಲೆಕ್ಕವಿಲ್ಲ. ಚಿಪ್ಪಿನ ಗೆರೆ ಹದವಾಗಿ ಬಾಗಿ, ಅಂಚು ಬಂದಲ್ಲಿ ಥಟ್ಟನೆ ನಿಲ್ಲುತ್ತದೆ. ಆ ಬಾಗು ಒಮ್ಮೆ ಕಣ್ಣಿಗೆ ಹತ್ತಿತೆಂದರೆ ಬಿಟ್ಟುಹೋಗುವುದಿಲ್ಲ.

ಇಂಥ ಕಲ್ಲುಗಳಲ್ಲಿ ನಾನು ಹುಡುಕುವುದು ಅರ್ಧ ತುಂಬಿದ ಚಿಪ್ಪನ್ನು. ಜೀವಿ ಸತ್ತ ಮೇಲೆ ಪೊಳ್ಳಿನೊಳಗೆ ಕೆಸರು ನುಗ್ಗಿ ತಳದಲ್ಲಿ ಕೂತಿದೆ. ಮೇಲೆ ಉಳಿದ ಜಾಗದಲ್ಲಿ ಆಮೇಲೆ ಬಿಳಿ ಹರಳು ಬೆಳೆದಿದೆ. ಎರಡೂ ಕೂಡುವ ಗೆರೆ ಆ ಹೊತ್ತಿನ ಮಟ್ಟಸ. ಕಲ್ಲನ್ನು ಹೇಗೇ ಉರುಳಿಸಿ, ಅಂದಿನ ಕಡಲಿಗೆ ಯಾವುದು ಮೇಲು ಯಾವುದು ಕೆಳಗು ಎಂದು ಆ ಗೆರೆ ತೋರಿಸುತ್ತದೆ. ಬೆರಳುಗುರಿನಷ್ಟು ಜಾಗದಲ್ಲಿ ಇಷ್ಟು ಖಚಿತವಾದ ಸಾಕ್ಷಿ! ಭೂವಿಜ್ಞಾನಿಗಳು ತಲೆಕೆಳಗಾದ ಶಿಲಾಪದರಗಳನ್ನು ಗುರುತಿಸುವುದಕ್ಕೂ ಇದನ್ನೇ ನಂಬುತ್ತಾರೆ.

ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲೂ ಪದರಪದರವಾಗಿ ಕೂತ ಸುಣ್ಣಕಲ್ಲೇ. ಅದರಲ್ಲಿ ಚಿಪ್ಪು ಹುಡುಕಿ ಫಲವಿಲ್ಲ. ಅದು ಕೆಸರಾಗಿದ್ದ ಕಾಲಕ್ಕೆ ಚಿಪ್ಪು ಕಟ್ಟುವ ಜೀವಿಗಳು ಇನ್ನೂ ಹುಟ್ಟಿರಲಿಲ್ಲ. ಆ ಬರಿಯ ಬೂದುನೆಲಕ್ಕೂ ಒಂದು ಗಾಂಭೀರ್ಯವಿದೆ. ಅದರ ಮೇಲೆ ಪೇಪರ್‌ವೇಟ್ ಇಟ್ಟು ಎರಡನ್ನೂ ಒಟ್ಟಿಗೆ ನೋಡುವುದು ನನಗೆ ಇಷ್ಟ.

ಅರಿಯಲೂರು ಸೀಮೆಯ ಶಿಲಾಪದರಗಳನ್ನು 1860ರ ದಶಕದಲ್ಲಿ ಹೆನ್ರಿ ಬ್ಲಾನ್‌ಫರ್ಡ್ ವಿಂಗಡಿಸಿದರು. ಅಲ್ಲಿನ ಚಿಪ್ಪುಗಳನ್ನು ಫರ್ಡಿನಾಂಡ್ ಸ್ಟೊಲಿಚ್ಕಾ ಒಂದೊಂದಾಗಿ ವರ್ಣಿಸಿ ಸಂಪುಟಗಳನ್ನೇ ಬರೆದರು. 1874ರಲ್ಲಿ ಲಡಾಖಿನಲ್ಲಿ ತೀರಿಕೊಂಡಾಗ ಸ್ಟೊಲಿಚ್ಕಾ ವಯಸ್ಸು ನಲವತ್ತೂ ಆಗಿರಲಿಲ್ಲ. ವಿಜ್ಞಾನಿ ಇಡೀ ಚಿಪ್ಪನ್ನು ಬಿಡಿಸಿಕೊಳ್ಳಲು ಹೆಣಗುತ್ತಾನೆ, ಕಲ್ಲುಕುಟಿಗ ಅದನ್ನು ನಡುವೆ ಕತ್ತರಿಸುತ್ತಾನೆ. ರೂಪದ ಮಟ್ಟಿಗೆ ನನ್ನ ಒಲವು ಕುಟಿಗನ ಕಡೆಗೆ. ಅವನ ಗರಗಸ ಒಂದು ನೂಲು ಅತ್ತ ಸರಿದಿದ್ದರೆ ಈ ಸುರುಳಿಯ ಬದಲು ಬರಿಯ ಒಂದು ಉಂಗುರ ಕಾಣುತ್ತಿತ್ತು, ಪಕ್ಕದ ಬಿಲ್ಲಂತೂ ಕಾಣುತ್ತಲೇ ಇರಲಿಲ್ಲ.